ನಿಡಸೋಸಿಯ ಹಾಳೆಗೆ ಮುಂಬಯಿಯ ಧಾರಣೆ

ಹುಕ್ಕೇರಿ ತಾಲೂಕಿನ ನಿಡಸೋಸಿ ಸಂಕೇಶ್ವರಕ್ಕೆ ಸಮೀಪದ ಊರು. ದುರದುಂಡೀಶ್ವರ ಮಠದ ಕಾರಣದಿಂದ ಆ ಸೀಮೆಯಲ್ಲೆಲ್ಲ ಅದರ ಹೆಸರು ಪರಿಚಿತ. 1996ರಿಂದ ಅಲ್ಲಿ ಒಂದು ಇಂಜಿನಿಯರಿಂಗ್ ಕಾಲೇಜೂ ನಡೆಯುತ್ತಿದೆ. ಸುತ್ತಲೂ ಕಬ್ಬಿನ ಹೊಲಗಳು. ಇಂಥ ಊರಿನಲ್ಲಿ, ನಿವೃತ್ತ ಶಾಲಾಮಾಸ್ತರರಾದ ನನ್ನ ಸೋದರಮಾವನವರ ಮನೆಯ ಪಡಸಾಲೆಯಲ್ಲಿ, ಪ್ರತಿದಿನ ಮುಂಜಾನೆ ಒಂಬತ್ತೂ ಕಾಲು ಗಂಟೆಗೆ ಒಂದು ಸಣ್ಣ ಸೋಜಿಗ ನಡೆಯುತ್ತದೆ.

ಮಾವನವರು ಸ್ನಾನ ಮುಗಿಸಿ, ವಿಭೂತಿ ಧರಿಸಿ, ಚಹದ ಬಟ್ಟಲನ್ನು ಕೈಯಲ್ಲಿ ಹಿಡಿದು ಗಣಕಯಂತ್ರದ ಮುಂದೆ ಕುಳಿತುಕೊಳ್ಳುತ್ತಾರೆ. ಪರದೆಯ ಮೇಲೆ ಕಾಣುವುದು ಕೇವಲ ಒಂದು ಲೆಕ್ಕದ ಹಾಳೆ. ಅಡ್ಡಗೆರೆ, ಉದ್ದಗೆರೆ, ನಡುವೆ ಚೌಕಗಳು. ಒಂಬತ್ತೂ ಕಾಲು ಆಗುವವರೆಗೆ ಅಂಕಿಗಳೆಲ್ಲ ನಿಶ್ಚಲ. ಆಮೇಲೆ ಒಮ್ಮೆಲೆ ಅವಕ್ಕೆ ಜೀವ ಬರುತ್ತದೆ. ಯಾರೂ ಮುಟ್ಟದೆ 42.50 ಇದ್ದದ್ದು 42.65 ಆಗುತ್ತದೆ, ಮತ್ತೆ 42.55ಕ್ಕೆ ಇಳಿಯುತ್ತದೆ. ಅದರ ಪಕ್ಕದ ಚೌಕದಲ್ಲಿ ಲಾಭ-ನಷ್ಟದ ಮೊತ್ತವೂ ತನ್ನಷ್ಟಕ್ಕೆ ತಾನೇ ಬದಲಾಗುತ್ತದೆ. ಮುಂಬಯಿಯ ಪೇಟೆ ತೆರೆಯಿತು ಎಂಬುದಕ್ಕೆ ನಿಡಸೋಸಿಯಲ್ಲಿ ದೊರೆಯುವ ಸಂಕೇತ ಇದು.

ಈ ಸೋಜಿಗದ ಹಿಂದಿರುವ ಯುಕ್ತಿ ಯಾವುದು? ಅದರಿಂದ ಸಂಸಾರಸ್ಥನಿಗೆ ಆಗುವ ಉಪಕಾರವೆಷ್ಟು, ಅಪಾಯವೆಷ್ಟು? ಕಳೆದ ಬೇಸಿಗೆಯಲ್ಲಿ ಮಾವನವರಿಗೆ ಒದಗಿದ ಒಂದು ಪ್ರಸಂಗ ನನ್ನನ್ನು ಈ ಪ್ರಶ್ನೆಗಳತ್ತ ಎಳೆಯಿತು. ಪ್ರಸಂಗಕ್ಕೆ ಮೊದಲು ಯುಕ್ತಿಯನ್ನು ತಿಳಿದುಕೊಳ್ಳೋಣ.

ಕಡತದಿಂದ ಕೋಷ್ಟಕದವರೆಗೆ

ಲೆಕ್ಕವಿಡುವುದು ನಮ್ಮ ನಾಡಿಗೆ ಹೊಸ ವಿದ್ಯೆಯಲ್ಲ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನೆಂಬ ಜೈನ ಕವಿ ‘ವ್ಯವಹಾರಗಣಿತ’ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದ. ನಮ್ಮ ಹಿರಿಯರು ಲೆಕ್ಕಪತ್ರಗಳನ್ನು ಕಡತಗಳಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿದರೆ ಕಡತ ಸಿದ್ಧವಾಯಿತು. ಅದರ ಮೇಲೆ ಬಳಪದಿಂದ ಬರೆಯುವುದು. ಬೇಡವಾದ ಅಂಕಿಯನ್ನು ಒರಸಿ ಹೊಸದನ್ನು ಬರೆಯಬಹುದು. ಈ ಒರಸುವ ಗುಣವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಸ್ತಾಪ ಬರುವುದು.

ಈಗಿನ ಲೆಕ್ಕದ ಹಾಳೆ ಹುಟ್ಟಿದ್ದೂ ಒರಸುವ ಬೇಸರದಿಂದಲೇ. 1978ರಲ್ಲಿ ಅಮೆರಿಕದ ಹಾರ್ವರ್ಡ್ ವ್ಯಾಪಾರಶಾಲೆಯಲ್ಲಿ ಡ್ಯಾನ್ ಬ್ರಿಕ್ಲಿನ್ ಎಂಬ ವಿದ್ಯಾರ್ಥಿ ಓದುತ್ತಿದ್ದ. ಹಲಗೆಯ ಮೇಲಿನ ಕೋಷ್ಟಕದಲ್ಲಿ ಒಂದು ಅಂಕಿ ತಪ್ಪಿದರೆ ಅದನ್ನು ಅವಲಂಬಿಸಿದ ಅಂಕಿಗಳನ್ನೆಲ್ಲ ಒರಸಿ ಮತ್ತೆ ಬರೆಯಬೇಕು. ಒಂದನ್ನು ತಿದ್ದಿದೊಡನೆ ಉಳಿದವು ತಾವಾಗಿಯೇ ತಿದ್ದಿಕೊಂಡರೆ ಹೇಗೆ ಎಂದು ಆತ ಯೋಚಿಸಿದ. ಬಾಬ್ ಫ್ರಾಂಕ್‌ಸ್ಟನ್ ಎಂಬ ಮಿತ್ರನೊಡನೆ ಸೇರಿ 1979ರಲ್ಲಿ ‘ವಿಸಿಕ್ಯಾಲ್ಕ್’ ಎಂಬ ತಂತ್ರಾಂಶವನ್ನು ಹೊರತಂದ. 1985ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ‘ಎಕ್ಸೆಲ್’ ಬಂದಿತು. ಇಂದು ಅದನ್ನರಿಯದ ಕಚೇರಿಯೇ ಅಪರೂಪ.

ಆದರೆ ಕೋಷ್ಟಕ ಎಷ್ಟೇ ಜಾಣನಾದರೂ ಮೊದಲಿನ ಅಂಕಿಯನ್ನು ಯಾರಾದರೂ ಕೈಯಾರೆ ತುಂಬಲೇಬೇಕಾಗಿತ್ತು. ಶೇರುಗಳ ಧಾರಣೆಯಂತೂ ಹಿಂದಿನ ದಿನದ್ದು ಮರುದಿನದ ವೃತ್ತಪತ್ರಿಕೆಯಲ್ಲಿ ಬರುತ್ತಿತ್ತು. ಮುಂಬಯಿಯ ಶೇರು ವಿನಿಮಯಕೇಂದ್ರ 1875ರಷ್ಟು ಹಳೆಯದು. ಬೆಂಗಳೂರಿನಲ್ಲಿಯೂ 1963ರಲ್ಲಿ ಒಂದು ವಿನಿಮಯಕೇಂದ್ರ ಸ್ಥಾಪನೆಯಾಗಿತ್ತು. 1994ರಲ್ಲಿ ರಾಷ್ಟ್ರೀಯ ಶೇರು ವಿನಿಮಯಕೇಂದ್ರ ಗಣಕದ ಪರದೆಯ ಮೂಲಕ ಶೇರು ವ್ಯವಹಾರವನ್ನು ಆರಂಭಿಸಿತು. ಮರುವರ್ಷ ಮುಂಬಯಿಯ ಹಳೆಯ ಕೇಂದ್ರವೂ ಅದೇ ದಾರಿಯನ್ನು ಹಿಡಿಯಿತು. ಆ ಮೇಲೆ ದಲಾಲರು ಒಂದೆಡೆ ಕೂಡಿ ಕೂಗುವ ಅಗತ್ಯವೇ ಉಳಿಯಲಿಲ್ಲ. ಊರೂರಿನ ಸಣ್ಣ ವಿನಿಮಯಕೇಂದ್ರಗಳು ಸೊರಗಿದವು. ಬೆಂಗಳೂರಿನದು 2014ರಲ್ಲಿ ಕಣದಿಂದ ಹಿಂದೆ ಸರಿಯಿತು.

ವಿನಿಮಯಕೇಂದ್ರವನ್ನು ಕಳೆದುಕೊಂಡ ಬೆಂಗಳೂರು ಬೇರೊಂದು ಬಗೆಯಲ್ಲಿ ಶೇರು ಪೇಟೆಯ ಊರಾಯಿತೆಂಬುದು ವಿಚಿತ್ರ. ದೇಶದ ಅನೇಕ ದಲಾಲರು ಬಳಸಿದ ‘ನೆಸ್ಟ್’ ಎಂಬ ವ್ಯವಹಾರ ವೇದಿಕೆಯನ್ನು ರೂಪಿಸಿದ ಓಮ್ನೆಸಿಸ್ ಕಂಪನಿ ಬೆಂಗಳೂರಿನದು. 2010ರ ಆಗಸ್ಟ್ 15ರಂದು ಪ್ರಾರಂಭವಾದ ಜೆರೋಧಾ ಸಂಸ್ಥೆಯೂ ಅಲ್ಲಿಯದೇ. ನೆಸ್ಟ್ ವೇದಿಕೆಯಲ್ಲಿ ಶೇರುಗಳ ಪಟ್ಟಿಯನ್ನು ಆಯ್ದು ಎಕ್ಸೆಲ್ ಹಾಳೆಗೆ ಜೋಡಿಸುವ ಸೌಕರ್ಯವಿತ್ತು. ನಮ್ಮ ನಾಡಿನ ಅನೇಕ ಹವ್ಯಾಸಿಗಳಿಗೆ ‘ಓಡುವ ಅಂಕಿ’ಯ ಮೊದಲ ಪರಿಚಯವಾದದ್ದು ಇಂಥ ಜೋಡಣೆಯಿಂದ.

ಜಲಾಶಯ, ಕಾಲುವೆ, ಮಡಿ

ಜೋಡಣೆ ಎಂದರೇನು? ಹುಕ್ಕೇರಿ ತಾಲೂಕಿನವರಿಗೆ ಇದನ್ನು ವಿವರಿಸುವುದು ಸುಲಭ. ಅವರ ತಾಲೂಕಿನಲ್ಲಿಯೇ ಘಟಪ್ರಭೆಗೆ ಕಟ್ಟಿದ ಹಿಡಕಲ್ ಜಲಾಶಯವಿದೆ. ಜಲಾಶಯದ ನೀರು ನೇರವಾಗಿ ಹೊಲದ ಮಡಿಗೆ ಹಾರಿ ಬರುವುದಿಲ್ಲ. ಕಾಲುವೆಗೆ ಬಂದು, ತೂಬಿನಲ್ಲಿ ಇಳಿದು, ಸಣ್ಣ ಹರಿವಿನಲ್ಲಿ ಸಾಗಿ ಮಡಿಯನ್ನು ಸೇರುತ್ತದೆ. ಹಾಗೆಯೇ ಇಲ್ಲಿ ವಿನಿಮಯಕೇಂದ್ರವೇ ಜಲಾಶಯ. ದಲಾಲರ ವ್ಯವಹಾರ ವೇದಿಕೆಯೇ ಕಾಲುವೆ. ಹಾಳೆಯ ಚೌಕವೇ ಮಡಿ. ಕಾಲುವೆಗೂ ಮಡಿಗೂ ನಡುವೆ ಇರುವ ತೂಬಿಗೆ ‘ಆರ್‌ಟಿಡಿ’ ಎಂದು ಹೆಸರು; ತತ್ಕ್ಷಣದ ಮಾಹಿತಿ ಎಂಬುದು ಅದರ ಅರ್ಥ. ಇದಕ್ಕೂ ಹಿಂದೆ, 1987ರಿಂದ, ‘ಡಿಡಿಇ’ ಎಂಬ ಹಳೆಯ ತೂಬು ಬಳಕೆಯಲ್ಲಿತ್ತು. 2002ರ ಎಕ್ಸೆಲ್ ಆವೃತ್ತಿಯೊಡನೆ ಆರ್‌ಟಿಡಿ ಬಂದಿತು.

ಬಳಸುವ ಕ್ರಮ ಕಠಿಣವಲ್ಲ. ಈ ಸೌಕರ್ಯವುಳ್ಳ ವೇದಿಕೆಯಲ್ಲಿ ನಮಗೆ ಬೇಕಾದ ಶೇರುಗಳನ್ನು ಪಟ್ಟಿಯಲ್ಲಿ ಸೇರಿಸಿ, ‘ಎಕ್ಸೆಲ್‌ಗೆ ಜೋಡಿಸು’ ಎಂಬ ಆಯ್ಕೆಯನ್ನು ಒತ್ತಿ, ಖಾಲಿ ಹಾಳೆಯಲ್ಲಿ ಅಂಟಿಸಬೇಕು. ನೋಡುವವರಿಗೆ ಅಂಟಿದ್ದು ಅಂಕಿಯಂತೆ ಕಾಣುತ್ತದೆ. ವಾಸ್ತವವಾಗಿ ಅದೊಂದು ಸೂತ್ರ. ಯಾವ ತೂಬಿನಿಂದ, ಯಾವ ಶೇರಿನ, ಯಾವ ವಿವರವನ್ನು ತರಬೇಕು ಎಂಬ ಮೂರು ಮಾತುಗಳು ಅದರಲ್ಲಿ ಅಡಗಿರುತ್ತವೆ. ವಿವರವೆಂದರೆ ಕೊನೆಯ ವ್ಯವಹಾರದ ಬೆಲೆ, ದಿನದ ಗರಿಷ್ಠ ಮತ್ತು ಕನಿಷ್ಠ ಬೆಲೆ, ಕೈ ಬದಲಾದ ಶೇರುಗಳ ಸಂಖ್ಯೆ, ಕೊನೆಯ ವ್ಯವಹಾರದ ವೇಳೆ ಇತ್ಯಾದಿ. ವೇದಿಕೆಯೂ ಹಾಳೆಯೂ ಒಂದೇ ಯಂತ್ರದಲ್ಲಿ ತೆರೆದಿರಬೇಕು; ಒಂದನ್ನು ಮುಚ್ಚಿದರೆ ಹರಿವು ನಿಂತಿತು.

‘ತತ್ಕ್ಷಣ’ವೆಂಬ ಮಾತನ್ನೂ ಅಕ್ಷರಶಃ ತೆಗೆದುಕೊಳ್ಳಬಾರದು. ಎಕ್ಸೆಲ್ ತಾನಾಗಿ ಈ ತೂಬನ್ನು ಎರಡು ಸೆಕೆಂಡಿಗೊಮ್ಮೆ ಮಾತ್ರ ತೆರೆಯುತ್ತದೆ. ಬೇಕೆಂದವರು ಅದನ್ನು ಬದಲಾಯಿಸಿಕೊಳ್ಳಬಹುದು. ನಾವು ಯಾವುದಾದರೂ ಚೌಕದಲ್ಲಿ ಏನನ್ನಾದರೂ ಬರೆಯುತ್ತಿರುವಾಗ, ಬರೆದು ಮುಗಿಸುವವರೆಗೆ, ಹೊಸ ಅಂಕಿ ಹಾಳೆಗೆ ಇಳಿಯುವುದಿಲ್ಲ. ಇನ್ನು, ಹಣ ಕೊಡದೆ ದೊರೆಯುವ ಗೂಗಲ್‌ನ ಹಾಳೆಯಲ್ಲಿ ‘ಗೂಗಲ್‌ಫೈನಾನ್ಸ್’ ಎಂಬ ಸೂತ್ರವಿದೆ. ದಲಾಲರ ವೇದಿಕೆಯ ನೆರವಿಲ್ಲದೆಯೇ ಅದು ಧಾರಣೆಯನ್ನು ತರುತ್ತದೆ. ಆದರೆ ಅದು ತರುವ ಬೆಲೆ ಇಪ್ಪತ್ತು ನಿಮಿಷದವರೆಗೂ ಹಳೆಯದಾಗಿರಬಹುದೆಂದು ಗೂಗಲ್ ಸಂಸ್ಥೆಯೇ ಎಚ್ಚರಿಸುತ್ತದೆ.

ಮಾವನವರಿಗೆ ಈ ಜೋಡಣೆಯನ್ನು ಮಾಡಿಕೊಟ್ಟವನು ನೆರೆಮನೆಯಲ್ಲಿ ಬಾಡಿಗೆಗಿದ್ದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ. ಅರ್ಧ ತಾಸಿನ ಕೆಲಸ. “ಇನ್ನು ಮುಂದೆ ನಿಮ್ಮ ಹಾಳೆ ತಾನೇ ಮಾತಾಡತೈತ್ರಿ, ಸರ್” ಎಂದು ಹೇಳಿ ಅವನು ಚಹಾ ಕುಡಿದು ಹೋದ.

ಅಡ್ಡಮಳೆಯ ದಿನ

ಇನ್ನು ಪ್ರಸಂಗ. ಕಬ್ಬಿನ ಬಿಲ್ಲಿನ ಹಣದಲ್ಲಿ ಒಂದಿಷ್ಟನ್ನು ಮಾವನವರು ಒಂದು ಕಂಪನಿಯ ಶೇರುಗಳಲ್ಲಿ ಹೂಡಿದ್ದರು: 42 ರೂಪಾಯಿ 50 ಪೈಸೆಯಂತೆ 2,000 ಶೇರು, ಒಟ್ಟು 85,000 ರೂಪಾಯಿ. ಜೂನ್ ತಿಂಗಳಲ್ಲಿ ಮೊಮ್ಮಗಳ ಕಾಲೇಜಿನ ಶುಲ್ಕ ಕಟ್ಟುವ ಹೊತ್ತಿಗೆ ಅದನ್ನು ಮಾರಬೇಕೆಂಬುದು ಅವರ ಯೋಜನೆ. ಮೇ ತಿಂಗಳ ಒಂದು ಮುಂಜಾನೆ ಹಾಳೆಯಲ್ಲಿ ಬೆಲೆ 44.10 ಎಂದು ತೋರಿತು. ಲಾಭದ ಚೌಕದಲ್ಲಿ 3,200 ರೂಪಾಯಿ.

ಆ ಹೊತ್ತಿಗೆ ಅಡ್ಡಮಳೆ ಸುರಿಯಹತ್ತಿತು, ಗಾಳಿ, ಗುಡುಗು. ಹುಕ್ಕೇರಿ ತಾಲೂಕಿಗೆ 1969ರಿಂದ ತನ್ನದೇ ಆದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆಯೆಂಬುದು ರಾಜ್ಯದಲ್ಲಿ ಬೇರೆಲ್ಲಿಯೂ ಇಲ್ಲದ ವಿಶೇಷ. ಅಂದು ವಿದ್ಯುತ್ತು ಹೋಗಲಿಲ್ಲ. ದೀಪ ಉರಿಯುತ್ತಿತ್ತು, ಪಂಖ ತಿರುಗುತ್ತಿತ್ತು, ಪರದೆ ಬೆಳಗುತ್ತಿತ್ತು. ಆದ್ದರಿಂದಲೇ ಮಾವನವರು ಮೋಸಹೋದರು. ಕಡಿದುಹೋದದ್ದು ಇಂಟರ್‌ನೆಟ್ಟಿನ ತಂತಿ. ತಂತಿ ಕಡಿದರೆ ಚೌಕದೊಳಗಿನ ಅಂಕಿ ಅಳಿಸಿಹೋಗಲಿಲ್ಲ, ಕೆಂಪಾಗಲಿಲ್ಲ. 44.10 ಎಂಬ ಅಂಕಿ 44.10 ಆಗಿಯೇ, ಅದೇ ಬಣ್ಣದಲ್ಲಿ, ಅದೇ ಗಾಂಭೀರ್ಯದಲ್ಲಿ ನಿಂತಿತು. ಹರಿವು ನಿಂತ ಕಾಲುವೆಯಲ್ಲಿಯೂ ಸ್ವಲ್ಪ ಹೊತ್ತು ನೀರು ಕಾಣುವುದಿಲ್ಲವೆ? ಹಾಗೆ.

ಮಾವನವರು ಮುಕ್ಕಾಲು ತಾಸು ಅದನ್ನು ನೋಡುತ್ತ ಕುಳಿತರು. “ಪೇಟೆ ಇವತ್ತು ಭಾರಿ ಶಾಂತ ಐತಿ” ಎಂದು ಅತ್ತೆಯವರಿಗೆ ಹೇಳಿದರಂತೆ. ಆಮೇಲೆ, ಶಾಂತವಾಗಿರುವಾಗಲೇ ಮಾರುವುದು ಲೇಸೆಂದು, ರೂಢಿಯಂತೆ ದಲಾಲರ ಕಚೇರಿಗೆ ಫೋನು ಮಾಡಿ, “ಪೇಟೆಯ ದರಕ್ಕೆ ಮಾರಿಬಿಡ್ರಿ” ಎಂದರು. ಕಚೇರಿಯವರು ಹೇಳಿದಂತೆ ಮಾಡಿದರು. ಸಂಜೆ ಬಂದ ಚೀಟಿಯಲ್ಲಿ ಮಾರಾಟದ ದರ 41.65 ಎಂದಿತ್ತು. 2,000 ಶೇರುಗಳಿಗೆ 83,300 ರೂಪಾಯಿ. ಹಾಳೆ ಹೇಳಿದ್ದು 3,200 ರೂಪಾಯಿ ಲಾಭ. ಆದದ್ದು 1,700 ರೂಪಾಯಿ ನಷ್ಟ.

ಅದರ ಮೇಲೆ ಹಾಳೆ ಎಣಿಸದೆ ಬಿಟ್ಟ ಖರ್ಚುಗಳು. ಕೊಳ್ಳುವಾಗ ನೂರಕ್ಕೆ ಹತ್ತು ಪೈಸೆ, ಮಾರುವಾಗ ನೂರಕ್ಕೆ ಹತ್ತು ಪೈಸೆ ವ್ಯವಹಾರ ತೆರಿಗೆ. ಅದೇ 168 ರೂಪಾಯಿಗೆ ಮೇಲಾಯಿತು. ಅನಂತರ ಮುದ್ರಾಂಕ ಶುಲ್ಕ, ದಲಾಲಿ, ಠೇವಣಿ ಸಂಸ್ಥೆಯ ಶುಲ್ಕ. ಲಾಭವಾಗಿದ್ದರೆ ಅದರ ಮೇಲೂ ತೆರಿಗೆ ಬರುತ್ತಿತ್ತು: 2024ರ ಜುಲೈ 23ರಿಂದ ಜಾರಿಗೆ ಬಂದ ದರದಂತೆ ವರ್ಷದೊಳಗೆ ಮಾರಿದ ಶೇರಿನ ಲಾಭಕ್ಕೆ ನೂರಕ್ಕೆ 20.

ಮೊತ್ತ ದೊಡ್ಡದಲ್ಲವೆಂದು ನಗರದ ವಾಚಕರಿಗೆ ಅನಿಸೀತು. ಆದರೆ ವರ್ಷವಿಡೀ ನೀರು ಹಾಯಿಸಿ, ಕಬ್ಬು ಕಡಿಸಿ, ಬಿಲ್ಲಿಗಾಗಿ ಕಾದು ಪಡೆದ ಹಣದಲ್ಲಿ ಒಂದೊಂದು ರೂಪಾಯಿಗೂ ಹೆಸರಿರುತ್ತದೆ. ಅಂದು ಹೋದ ಹಣದ ಹೆಸರು ಮೊಮ್ಮಗಳ ಪುಸ್ತಕಗಳು. ಮಾವನವರಿಗೆ ನೋವಾದದ್ದು ನಷ್ಟಕ್ಕಿಂತ ಹೆಚ್ಚಾಗಿ ಇನ್ನೊಂದು ಕಾರಣಕ್ಕೆ. “ಮೂವತ್ತೈದು ವರ್ಷ ಹುಡುಗರಿಗೆ ಗಣಿತ ಕಲಿಸಿದೆ. ಅಂಕಿ ಸುಳ್ಳು ಹೇಳತೈತಿ ಅಂತ ತಿಳಿದಿರಲಿಲ್ಲ” ಎಂದರು.

ಅಂಕಿಗೆ ವೇಳೆ ಬೇಕು

ಅಂಕಿ ಸುಳ್ಳು ಹೇಳಿರಲಿಲ್ಲ. 44.10 ಎಂಬುದು ಸತ್ಯವೇ. ಮುಕ್ಕಾಲು ತಾಸು ಹಿಂದಿನ ಸತ್ಯ. ಹಳೆಯ ವೃತ್ತಪತ್ರಿಕೆಯಲ್ಲಿ ಈ ಭ್ರಮೆಗೆ ಎಡೆಯಿರಲಿಲ್ಲ. ತಲೆಬರಹದ ಕೆಳಗೆ ತಾರೀಖು ಅಚ್ಚಾಗಿರುತ್ತಿತ್ತು. ಅಲ್ಲಿರುವುದು ನಿನ್ನೆಯ ಧಾರಣೆಯೆಂದು ಎಳೆಯ ಮಗುವಿಗೂ ಗೊತ್ತಿತ್ತು. ಓಡುವ ಅಂಕಿಗೆ ಮಾತ್ರ ತಾರೀಖಿಲ್ಲ. ‘ಈಗ’ ಎಂಬ ವೇಷವನ್ನು ಅದು ಸದಾ ಧರಿಸಿರುತ್ತದೆ. ಆದ್ದರಿಂದ ಬೆಲೆಯ ಪಕ್ಕದಲ್ಲಿ ವೇಳೆಯನ್ನು ಬರೆಯದ ಹಾಳೆಯನ್ನು ನಂಬಬಾರದು. ನಾನು ಈ ಪ್ರಸಂಗದಿಂದ ಕಲಿತ ಮುಖ್ಯ ಪಾಠ ಇದೇ.

ಇದಕ್ಕೆ ಉಪಾಯವೂ ಉಂಟು. ಜೋಡಿಸುವಾಗ ಬೆಲೆಯೊಡನೆ ‘ಕೊನೆಯ ವ್ಯವಹಾರದ ವೇಳೆ’ಯನ್ನೂ ಒಂದು ಕಂಬಸಾಲಿನಲ್ಲಿ ತರಿಸಿಕೊಳ್ಳಬೇಕು. ಅದರ ಪಕ್ಕದಲ್ಲಿ, ಈಗಿನ ವೇಳೆಯಿಂದ ಆ ವೇಳೆಯನ್ನು ಕಳೆಯುವ ಸೂತ್ರವನ್ನು ಬರೆದು, ಅಂತರ ಒಂದೆರಡು ನಿಮಿಷ ಮೀರಿದರೆ ಚೌಕ ಕೆಂಪಾಗುವಂತೆ ಮಾಡಬಹುದು. ವ್ಯವಹಾರ ವಿರಳವಾದ ಶೇರುಗಳಲ್ಲಿ ಅಂತರ ಸಹಜವಾಗಿಯೇ ಹೆಚ್ಚಿರುತ್ತದೆ. ಆದ್ದರಿಂದ ಸದಾ ಚುರುಕಾಗಿರುವ ಒಂದು ದೊಡ್ಡ ಕಂಪನಿಯ ಶೇರನ್ನು ನಾಡಿಯಂತೆ ಹಾಳೆಯ ನೆತ್ತಿಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಅದು ನಿಂತರೆ ಎಲ್ಲವೂ ನಿಂತಿದೆಯೆಂದು ತಿಳಿಯಬೇಕು.

ಇಲ್ಲಿಯೂ ಒಂದು ಸೂಕ್ಷ್ಮವಿದೆ. ‘ಈಗಿನ ವೇಳೆ’ಯನ್ನು ಹೇಳುವ ಎಕ್ಸೆಲ್‌ನ ಸೂತ್ರ ಗಡಿಯಾರದಂತೆ ತಾನೇ ನಡೆಯುವುದಿಲ್ಲ, ಹಾಳೆ ಮತ್ತೆ ಲೆಕ್ಕ ಮಾಡಿದಾಗ ಮಾತ್ರ ಹೊಸ ವೇಳೆಯನ್ನು ತೋರಿಸುತ್ತದೆ. ಹಾಳೆ ಲೆಕ್ಕ ಮಾಡುವುದು ಹೊಸ ಅಂಕಿ ಬಂದಾಗ. ಹರಿವೇ ನಿಂತರೆ ಹೊಸ ಅಂಕಿಯಿಲ್ಲ, ಲೆಕ್ಕವಿಲ್ಲ. ಕಾವಲಿಗೆ ನಿಲ್ಲಿಸಿದವನೂ ಕಳ್ಳನೊಡನೆಯೇ ನಿದ್ದೆ ಹೋಗುತ್ತಾನೆ! ಆದಕಾರಣ ಆಗಾಗ ಎಫ್-9 ಕೀಲಿಯನ್ನು ಒತ್ತಿ ಹಾಳೆಯನ್ನು ಎಚ್ಚರಿಸಬೇಕು. ಮಾರುವ ಆಜ್ಞೆ ಕೊಡುವ ಮುನ್ನವಂತೂ ತಪ್ಪದೆ ಒತ್ತಬೇಕು. ಆಜ್ಞೆಯನ್ನಾದರೂ ‘ಪೇಟೆಯ ದರಕ್ಕೆ’ ಎಂದು ಕೊಡದೆ ‘44 ರೂಪಾಯಿಗೆ ಕಡಿಮೆಯಿಲ್ಲದೆ’ ಎಂದು ಮಿತಿ ಹಾಕಿ ಕೊಟ್ಟಿದ್ದರೆ, ಅಂದು ಶೇರು ಮಾರಾಟವಾಗದೆ ಉಳಿಯುತ್ತಿತ್ತು; ತಪ್ಪು ಅಲ್ಲಿಯೇ ಬಯಲಾಗುತ್ತಿತ್ತು.

ಒರಸುವ ಕೈ

ಎರಡನೆಯ ಪಾಠ ಕಡತದ್ದು. ಓಡುವ ಚೌಕ ಹಳೆಯ ಕಡತದಂತೆ ಒರಸಿ ಬರೆಯುವ ಜಾತಿಯದು. ಆದರೆ ಒರಸುವ ಕೈ ನಮ್ಮದಲ್ಲ. 42.65 ಬಂದೊಡನೆ 42.50 ಮಾಯ. ದಿನದ ಕೊನೆಗೆ ಉಳಿಯುವುದು ಒಂದೇ ಅಂಕಿ. ಇಡೀ ದಿನ ಕಣ್ಣಿಟ್ಟು ನೋಡಿದವನ ಬಳಿಯಲ್ಲಿ ನೋಡಿದ್ದಕ್ಕೆ ದಾಖಲೆಯೇ ಇಲ್ಲ. ಲೆಕ್ಕದ ಜೀವವಾದರೋ ದಾಖಲೆಯಲ್ಲಿದೆ. ಕಿರ್ದಿಯಲ್ಲಿ ಬರೆದದ್ದನ್ನು ಒರಸಬಾರದೆಂಬುದು ನಮ್ಮ ಅಂಗಡಿಕಾರರ ಹಳೆಯ ನೇಮ. ತಪ್ಪಿದ್ದರೆ ಗೆರೆ ಎಳೆದು ಮೇಲೆ ಬರೆಯುವರು, ತಪ್ಪೂ ಕಾಣುತ್ತಿರಲಿ ಎಂದು.

ಆದ್ದರಿಂದ ಓಡುವ ಹಾಳೆಯ ಜೊತೆಗೆ ನಿಂತ ಹಾಳೆಯೊಂದು ಬೇಕು. ಪೇಟೆ ಮುಚ್ಚುವ ಮೂರೂವರೆ ಗಂಟೆಯ ಅನಂತರ ಆ ದಿನದ ಬೆಲೆಗಳನ್ನು ನಕಲು ಮಾಡಿ, ಸೂತ್ರವನ್ನು ಬಿಟ್ಟು ‘ಬೆಲೆಯನ್ನು ಮಾತ್ರ’ ಇನ್ನೊಂದು ಹಾಳೆಯಲ್ಲಿ ತಾರೀಖಿನೊಡನೆ ಅಂಟಿಸಬೇಕು. ಕೊಂಡ ದಿನ, ಕೊಂಡ ದರ, ಕೊಟ್ಟ ಶುಲ್ಕ, ಕೊಂಡ ಕಾರಣ ಇವು ಅಲ್ಲಿಯೇ ಇರಬೇಕು. ಕಾರಣವನ್ನು ಒಂದು ಸಾಲಿನಲ್ಲಿ ಬರೆಯಲಾರದವನು ಆ ಶೇರನ್ನು ಕೊಳ್ಳದಿರುವುದೇ ಲೇಸು.

ಯಾರಿಗೆ ಬೇಕು ಈ ಓಟ?

ಕಡೆಯದಾಗಿ ಒಂದು ಮಾತು. ಅಂಕಿ ಓಡುವುದನ್ನು ನೋಡುತ್ತಿದ್ದರೆ ಕೈ ತಾನಾಗಿ ತುರಿಸುತ್ತದೆ. ಎರಡು ಸೆಕೆಂಡಿಗೊಮ್ಮೆ ಬದಲಾಗುವ ಲಾಭ-ನಷ್ಟವನ್ನು ಕಣ್ಣಮುಂದಿಟ್ಟುಕೊಂಡು ಐದು ವರ್ಷ ತಾಳಬೇಕೆನ್ನುವುದು, ಮಿಠಾಯಿಯ ಅಂಗಡಿಯಲ್ಲಿ ಕುಳ್ಳಿರಿಸಿ ಉಪವಾಸ ಮಾಡೆಂದಂತೆ. ಈ ಓಟದ ಬೆನ್ನುಹತ್ತಿದವರು ಹೆಚ್ಚಾಗಿ ತಲಪುವುದು ‘ಫ್ಯೂಚರ್ಸ್ ಮತ್ತು ಆಪ್ಷನ್ಸ್’ ಎಂಬ ವಾಯಿದೆ ವ್ಯಾಪಾರವನ್ನು. ಅಲ್ಲಿನ ಲೆಕ್ಕವನ್ನು ಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಈ ವ್ಯಾಪಾರಕ್ಕಿಳಿದ ಸಾಮಾನ್ಯ ಜನರು ಒಂದು ಕೋಟಿಗೂ ಮೇಲೆ. ಅವರಲ್ಲಿ ನೂರಕ್ಕೆ 93 ಜನ ನಷ್ಟ ಹೊಂದಿದರು. ಖರ್ಚು ಸೇರಿ ನಷ್ಟದ ಸರಾಸರಿ ತಲೆಗೆ ಸುಮಾರು ಎರಡು ಲಕ್ಷ ರೂಪಾಯಿ. ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಅಧಿಕ. ಅವರಿಗೆಲ್ಲ ಓಡುವ ಅಂಕಿಗಳು ಕಾಣುತ್ತಿರಲಿಲ್ಲವೆ? ಕಾಣುತ್ತಿದ್ದವು. ಬೇಗನೆ ತಿಳಿಯುವುದೂ ಚೆನ್ನಾಗಿ ತಿಳಿಯುವುದೂ ಒಂದೇ ಅಲ್ಲ.

ಮಕ್ಕಳ ವಿದ್ಯಾಭ್ಯಾಸಕ್ಕೆ, ಮದುವೆಗೆ, ಮುಪ್ಪಿಗೆ ಎಂದು ಹಣ ಕೂಡಿಸುವ ಸಂಸಾರಸ್ಥರಿಗೆ ದಿನದ ಕೊನೆಯ ಬೆಲೆ ಸಾಕು. ತಿಂಗಳಿಗೊಮ್ಮೆ ನೋಡಿದರೂ ಸಾಕು. ಇಪ್ಪತ್ತು ನಿಮಿಷ ತಡವಾಗಿ ಬರುವ ಉಚಿತ ಸೂತ್ರ ಅವರಿಗೆ ಧಾರಾಳವಾಯಿತು. ಜೋಡಣೆಯ ನಿಜವಾದ ಉಪಕಾರ ವೇಗದಲ್ಲಿಲ್ಲ. ಕೈಯಿಂದ ತುಂಬುವಾಗ ಆಗುವ ತಪ್ಪು ಇಲ್ಲವಾಗುವುದು, ಮನೆಯ ಆಸ್ತಿಯೆಲ್ಲ ಒಂದೇ ಹಾಳೆಯಲ್ಲಿ ಮನೆಯವರೆಲ್ಲರಿಗೂ ಕಾಣುವುದು, ಅದರ ಉಪಕಾರ.

ಮೊನ್ನೆ ನಿಡಸೋಸಿಗೆ ಹೋದಾಗ ಮಾವನವರ ಪಡಸಾಲೆಯಲ್ಲಿ ಒಂದು ಬದಲಾವಣೆ ಕಂಡಿತು. ಅಡಿಗೆಮನೆಯಲ್ಲಿದ್ದ ಹಳೆಯ ಗೋಡೆಗಡಿಯಾರ ಗಣಕಯಂತ್ರದ ನೆತ್ತಿಯ ಮೇಲಕ್ಕೆ ಬಂದಿದೆ. ಪಕ್ಕದಲ್ಲಿ ಕೆಂಪು ಅರಿವೆಯ ರಟ್ಟಿನ ಕಿರ್ದಿ ಪುಸ್ತಕ. ಮೂರೂವರೆಗೆ ಪೇಟೆ ಮುಚ್ಚಿದ ಮೇಲೆ ಮೊಮ್ಮಗಳು ಬೆಲೆಗಳನ್ನು ಓದಿ ಹೇಳುತ್ತಾಳೆ; ಮಾವನವರು ಬರೆದುಕೊಳ್ಳುತ್ತಾರೆ. ಅವಳು ಪ್ರತಿ ಬೆಲೆಗೂ ಮುಂಚೆ ಅದರ ವೇಳೆಯನ್ನು ಹೇಳಲೇಬೇಕು. ಒಮ್ಮೆ ಮರೆತು ಬರಿಯ ಬೆಲೆಯನ್ನೇ ಹೇಳಿದಳು. ಮಾವನವರು ಲೇಖನಿಯನ್ನು ಕೆಳಗಿಟ್ಟು, ಕನ್ನಡಕದ ಮೇಲಿನಿಂದ ಅವಳನ್ನು ನೋಡಿ, ತರಗತಿಯಲ್ಲಿ ಕೇಳುವಂತೆಯೇ ಕೇಳಿದರು: “ಎಷ್ಟು ಗಂಟೆಯದು?”